ಲೀಟರಿಗೆ ಹದಿನೈದು

ನಮ್ಮ ಜನ ಯಾವ ಕಾರು ನೋಡಿದರೂ ಮೊದಲು ಕೇಳುವುದು ಒಂದೇ ಮಾತು, ಎಷ್ಟು ಕೊಡುತ್ತೆ? ಹಸು ಕೊಳ್ಳಲು ಬಂದವರು ಹೀಗೆ ಕೇಳಿದರೆ ಅದಕ್ಕೊಂದು ಅರ್ಥವಿದೆ. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವ ಹಾಗೆ ಕೂತ ಕೆಂಪು ಸ್ಪೋರ್ಟ್ಸ್ ಕಾರನ್ನು ನೋಡಿಯೂ ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿನವರು ಅದನ್ನೇ ಕೇಳಿದರು. ವಾಚ್‌ಮನ್ ಕೇಳಿದ. ಮೂರನೇ ಮಹಡಿಯ ಮರಾಠಿ ಅಜ್ಜಿ, ಜನ್ಮದಲ್ಲಿ ಸ್ಟಿಯರಿಂಗ್ ಮುಟ್ಟದವರು, ಅವರೂ ಕೇಳಿದರು. ಇವರೆಲ್ಲರಿಗಿಂತ ಮೊದಲು, ಕಾರು ಇನ್ನೂ ಅಂಗಡಿಯಲ್ಲಿರುವಾಗಲೇ, ನನ್ನ ಗಂಡ ಶ್ರೀರಾಮ್ ಕೇಳಿಯಾಗಿತ್ತು.

ಕಾರು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಕತೆಯಲ್ಲಿ ಇದು ಯಾರಿಗೂ ನೆನಪಿದ್ದ ಹಾಗೆ ಕಾಣುವುದಿಲ್ಲ. ಪರೇಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕಂಡವರ ರಕ್ತ ಪರೀಕ್ಷೆ ಮಾಡುತ್ತಾ ಕೂದಲು ಬೆಳ್ಳಗಾದ ಅಲಮೇಲು ಎಂಬ ಹೆಂಗಸು, ನಿವೃತ್ತಿಯಾದ ಮೇಲೆ, ಬರೀ ತನಗೇ ಅಂತ ಕೊಂಡುಕೊಂಡ ಮೊದಲ ವಸ್ತು ಅದು. ಪಾರ್ಲೆಯಿಂದ ದಾದರ್, ದಾದರಿನಲ್ಲಿ ಲೋಕಲ್ ರೈಲು ಬದಲಿಸಿ ಪರೇಲ್. ಲೇಡೀಸ್ ಡಬ್ಬಿಯಲ್ಲಿ ಒಂದು ಕಾಲೆತ್ತಿದರೆ ಮತ್ತೆ ಊರಲು ಜಾಗ ಸಿಗುತ್ತಿರಲಿಲ್ಲ. ಹತ್ತಿಸುವುದೂ ಜನವೇ, ಇಳಿಸುವುದೂ ಜನವೇ. ನಾನು ಒತ್ತಿದರೆ ಹೋಗುವ, ನಾನು ಬಿಟ್ಟರೆ ನಿಲ್ಲುವ ಏನಾದರೂ ಒಂದು ನನಗೆ ಬೇಕಿತ್ತು.

ಹಳೆ ಕಾರುಗಳ ಆ ಅಂಗಡಿಯಲ್ಲಿ ಮಾರುವವನು ಇದನ್ನು ಶುರು ಮಾಡಿ, ನಿಂತಲ್ಲೇ ಒಂದು ಸಲ ಆಕ್ಸಿಲರೇಟರ್ ಒತ್ತಿ ತೋರಿಸಿದ. ಆ ದನಿ ಕಿವಿಯಲ್ಲಿ ನಿಲ್ಲಲಿಲ್ಲ, ಸೀದಾ ಹೊಟ್ಟೆಗಿಳಿಯಿತು. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಪಕ್ಕದಲ್ಲಿ ನಿಂತಿದ್ದ ಶ್ರೀರಾಮ್ ನನ್ನ ಮುಖವನ್ನು ಚೆನ್ನಾಗಿಯೇ ನೋಡಿದರು. ನೋಡಿದ್ದರು ಎನ್ನುವುದು ಮುಖ್ಯ.

ಅವರ ವಿಷಯ ಹೇಳಬೇಕು. ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಕರೆಂಟು, ಎಣ್ಣೆ, ಹಬೆ ಎಲ್ಲೆಲ್ಲಿ ಸೋರಿ ಪೋಲಾಗುತ್ತದೆ ಎಂದು ಪತ್ತೆಹಚ್ಚುವುದೇ ಅವರ ಕೆಲಸವಾಗಿತ್ತು. ಆ ಕೆಲಸ ಅವರ ಜೊತೆ ಮನೆಗೂ ಬಂತು. ಕುಕ್ಕರು ಎರಡು ಕೂಗಿದ ಕೂಡಲೇ ಒಲೆ ಆರಿಸಿ, ಮಿಕ್ಕದ್ದು ಹಬೆಯಲ್ಲೇ ಬೇಯಲಿ ಎನ್ನುವ ಮನುಷ್ಯ. ಬೇಳೆ ಗಟ್ಟಿಯಾಗಿದ್ದರೂ ಅಗಿದು ತಿಂದು, ಹದವಾಗಿದೆ ಎನ್ನುತ್ತಾರೆ. ಕಾರಿಗೆ ನಾನು ಸಹಿ ಹಾಕಿದ ದಿನ ಅವರು ಜಗಳ ಮಾಡಲಿಲ್ಲ. ಬದಲಿಗೆ ಕಲಿಸಲು ಕೂತರು. ನನಗೆ ಲೈಸೆನ್ಸ್ ಇತ್ತು, ಆದರೆ ಕ್ಲಚ್ಚು ಗೇರು ಎಲ್ಲ ಮರೆತೇಹೋಗಿತ್ತು.

"ಮೊದ್ಲು ನಿನ್ನ ಕಾಲು ಪಳಗ್ಲಿ ಕಣೇ," ಎಂದರು. "ಲೀಟರಿಗೆ ಹದಿನೈದು ಬರೋ ಹಂಗೆ ಓಡ್ಸು. ಬಂದ ದಿನ ನಾನೇ ನಿನ್ನ ಫ್ರೀವೇಗೆ ಕರ್ಕೊಂಡ್ ಹೋಗ್ತೀನಿ. ಚೆಂಬೂರ್ ದಾಟಿದ್ ಮೇಲೆ ಟನಲ್ ಇದ್ಯಲ್ಲ, ಅದ್ರೊಳಗೆ ಸೆಕೆಂಡ್ ಗೇರಲ್ಲಿ ಎಳೀವಂತೆ. ಎಂಬತ್ತು ದಾಟ್ಸೋದೂ ಬೇಡ. ಗೋಡೆಗೆ ಬಡ್ದು ವಾಪಸ್ ಬರೋ ಆ ಸೌಂಡ್ ಕೇಳ್ಬೇಕು ನೀನು."

"ಅಲ್ಲೀವರ್ಗೂ?"

"ಅಲ್ಲೀವರ್ಗೂ ಮುಳ್ಳು ಮೂರು ಸಾವಿರ ದಾಟ್ಬಾರ್ದು. ಬಹಳ ದಿನ ನಿಂತಿದ್ದ ಇಂಜಿನ್ನು. ಈಗ್ಲೇ ಜೋರು ಮಾಡಿದ್ರೆ ಕೆಟ್ಟು ಕೂರತ್ತೆ ಅಂತ ಗುರಲಿಂಗಪ್ಪ ಹೇಳಿದಾನೆ."

ಗುರಲಿಂಗಪ್ಪ ವಿಕ್ರೋಳಿಯಲ್ಲಿ ಗ್ಯಾರೇಜಿಟ್ಟಿರುವ ಬಿಜಾಪುರದ ಕಡೆಯವನು, ನಮ್ಮ ಹಳೆ ಕಾರಿನ ಕಾಲದಿಂದಲೂ ಪರಿಚಯ. ಮುಳ್ಳು ಎಂದರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಮುಳ್ಳು. ನನ್ನ ಕಾರಿನಲ್ಲಿ ಅದಕ್ಕೆ ಎಂಟು ಸಾವಿರದವರೆಗೆ ಅಂಕಿಗಳಿವೆ. ಮೂರರ ಆಚೆಗಿನ ಅಂಕಿಗಳನ್ನು ನಾನು ನೋಡುತ್ತಿದ್ದೆ ಅಷ್ಟೆ.

ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು ನಾನು. ಚಪ್ಪಲಿ ಕಳಚಿ ಸೀಟಿನಡಿ ತಳ್ಳಿ, ಬರಿಗಾಲಲ್ಲಿ ಓಡಿಸಲು ಶುರು ಮಾಡಿದೆ, ಪೆಡಲಿನ ಮೇಲೆ ಎಷ್ಟು ಭಾರ ಬೀಳುತ್ತಿದೆ ಎಂದು ಚರ್ಮಕ್ಕೇ ತಿಳಿಯಲಿ ಎಂದು. ಎರಡು ಸಾವಿರ ದಾಟುತ್ತಿದ್ದಂತೆ ಮೇಲಿನ ಗೇರು. ಮುಂದಿನ ಸಿಗ್ನಲ್ ಕೆಂಪಾಗಿದೆ ಎಂದು ದೂರದಿಂದಲೇ ಕಂಡರೆ ಬ್ರೇಕ್ ಮುಟ್ಟದೆ, ಗೇರಿನಲ್ಲೇ ಬಿಟ್ಟು, ಆಕ್ಸಿಲರೇಟರಿನಿಂದ ಕಾಲು ತೆಗೆದು ಜಾರಿಕೊಂಡು ಹೋಗುವುದು. ನ್ಯೂಟ್ರಲ್ ಮಾಡಬಾರದು, ಗೇರಿನಲ್ಲಿ ಇಳಿಯುವಾಗ ಇಂಜಿನ್ ಪೆಟ್ರೋಲೇ ಕುಡಿಯುವುದಿಲ್ಲವಂತೆ. ಸಿಗ್ನಲ್ ಉದ್ದವಾದರೆ ಇಂಜಿನ್ ಆರಿಸುವುದು. ಡಿಕ್ಕಿಯಲ್ಲಿದ್ದ ನನ್ನ ಮಡಚುವ ಕುರ್ಚಿ, ನೀರಿನ ಕ್ಯಾನು, ಕೊನೆಗೆ ಕೊಡೆ ಕೂಡ ಭಾರ ಎಂದು ಮನೆಗೆ ಹೋದವು. ಮೇ ತಿಂಗಳಲ್ಲಿ ಎ.ಸಿ. ಹಾಕದೆ ಸಾಂತಾಕ್ರೂಜ್ ಸಿಗ್ನಲ್ಲಿನಲ್ಲಿ ನಿಂತಾಗ ರವಿಕೆ ಬೆನ್ನಿಗೆ ಅಂಟಿಕೊಳ್ಳುತ್ತಿತ್ತು. ಪಕ್ಕದ ಬಸ್ಸಿನವರು, ಇಂಥ ಕಾರಿಟ್ಟುಕೊಂಡು ಸೆರಗಿನಿಂದ ಗಾಳಿ ಹಾಕಿಕೊಳ್ಳುವ ಈ ಮುದುಕಿಗೇನು ಬಂದಿದೆ ರೋಗ ಎಂಬಂತೆ ನೋಡುತ್ತಿದ್ದರು.

ನಮ್ಮ ಮಗಳು ಇಂಚರಾ ಪರೇಲಿನಲ್ಲೇ ಒಂದು ಆಫೀಸಿನಲ್ಲಿದ್ದಾಳೆ. ಬಾ, ಬಿಟ್ಟು ಬರುತ್ತೇನೆ ಎಂದು ನಾನು ಎಷ್ಟು ಕರೆದರೂ, "ಅಮ್ಮಾ, ನಿನ್ನ ಜೊತೆ ಬಂದ್ರೆ ನಾನು ಸ್ಟೀಮ್ ಆಗ್ಬಿಡ್ತೀನಿ. ಲೋಕಲ್ ಈಸ್ ಬೆಟರ್," ಎನ್ನುತ್ತಿದ್ದಳು.

ಅಂಕಿ ಮೇಲೇರಿತು. ಪ್ರತಿ ಸಲ ಟ್ಯಾಂಕು ತುಂಬಿಸಿದಾಗ ಶ್ರೀರಾಮ್ ಪಂಪಿನ ಪಕ್ಕದಲ್ಲೇ ನಿಂತು ಮೊಬೈಲಿನಲ್ಲಿ ಗುಣಾಕಾರ ಭಾಗಾಕಾರ ಮಾಡುತ್ತಿದ್ದರು. ಕಾರಿನೊಳಗೂ ಮೈಲೇಜ್ ತೋರಿಸುವ ಪುಟ್ಟ ಪರದೆಯೊಂದಿದೆ, ಗುಂಡಿ ಒತ್ತಿದರೆ ಹೊಸದಾಗಿ ಎಣಿಸುತ್ತದೆ. ಅದನ್ನು ನೋಡಲೇಬೇಡ, ಸುಳ್ಳು ಹೇಳುತ್ತೆ, ಟ್ಯಾಂಕಿನಿಂದ ಟ್ಯಾಂಕಿಗೆ ಹಾಕಿದ ಲೆಕ್ಕವೇ ನಿಜ ಎಂದಿದ್ದರು. ಹತ್ತು ಹನ್ನೊಂದಾಯಿತು, ಹನ್ನೆರಡಾಯಿತು. ಆಮೇಲೆ ಹಟ ಹಿಡಿದ ಕರುವಿನ ಹಾಗೆ ಅಲ್ಲೇ ನಿಂತಿತು. ನಾನು ಇನ್ನೂ ಮೆಲ್ಲಗೆ ಒತ್ತಿದೆ. ಟೈರಿನ ಗಾಳಿಯನ್ನು ತಿರುಗಿ ತಿರುಗಿ ನೋಡಿದೆ. ರಾತ್ರಿ ಅನ್ನ ಬಿಟ್ಟೆ, ನನ್ನ ಮೈಭಾರವಾದರೂ ಇಳಿಯಲಿ ಎಂದು. ಹೌದು, ನಗಬೇಕಾದ್ದೇ. ಆಗ ನನಗೆ ನಗು ಬಂದಿರಲಿಲ್ಲ.

"ಇನ್ನೂ ನಿನ್ನ ಕಾಲು ಭಾರ ಇದೆ ಅಲಮೇಲು," ಎನ್ನುತ್ತಿದ್ದರು ಅವರು, ಬೆನ್ನು ತಟ್ಟಿ. "ಬರತ್ತೆ, ಬರತ್ತೆ."

ಭಾನುವಾರ ಬೆಳಿಗ್ಗೆ ನನಗೆ ಸಾಂತಾಕ್ರೂಜಿನ ಶಿವಕುಮಾರಿಯ ಮನೆಯಲ್ಲಿ ಪಾರಾಯಣ. ನಮ್ಮ ಕಡೆಯ ಹೆಂಗಸರೆಲ್ಲ ಸೇರಿ ಸಹಸ್ರನಾಮ ಹೇಳಿ, ಉಪ್ಪಿಟ್ಟು ತಿಂದು, ಸೊಸೆಯಂದಿರನ್ನು ಬೈದು ಬರುತ್ತೇವೆ. ಅಲ್ಲಿಗೆ ಮಾತ್ರ ಕಾರು ಬೇಡ ಎಂದಿದ್ದರು ಶ್ರೀರಾಮ್. ತಣ್ಣಗಿರುವ ಇಂಜಿನ್, ನಾಲ್ಕು ಹೆಜ್ಜೆ ದಾರಿ, ಬಿಸಿಯಾಗುವಷ್ಟರಲ್ಲಿ ಮನೆ ಬಂದಿರುತ್ತದೆ, ಅಂಥ ಓಡಾಟವೇ ಮೈಲೇಜನ್ನು ತಿನ್ನುವುದು. ನಾನು ಆಟೋದಲ್ಲಿ ಹೋಗುತ್ತಿದ್ದೆ. ಆ ಹೊತ್ತಿನಲ್ಲಿ ಅವರು ಕಾರನ್ನು ವಿಕ್ರೋಳಿಗೆ ಒಯ್ದು, ಗುರಲಿಂಗಪ್ಪನ ಹತ್ತಿರ ಗಾಳಿ, ಆಯಿಲ್ ನೋಡಿಸಿಕೊಂಡು ಬರುತ್ತಿದ್ದರು. ಇಂಚರಾ ಯೋಗದ ಕ್ಲಾಸಿಗೆ ಹೋಗುತ್ತಿದ್ದಳು. ರಜಾದಿನದಲ್ಲೂ ನನ್ನ ಕಾರಿಗಾಗಿ ಇಷ್ಟು ದುಡಿಯುತ್ತಾರಲ್ಲ ಎಂದು ನಾನು ಅವರಿಗೆ ಹಿಂದಿನ ರಾತ್ರಿಯೇ ದೋಸೆ ಹಿಟ್ಟು ರುಬ್ಬಿಡುತ್ತಿದ್ದೆ.

ಆ ಭಾನುವಾರ ಶಿವಕುಮಾರಿಗೆ ಜ್ವರ. ಬಾಗಿಲವರೆಗೆ ಹೋದವರೆಲ್ಲ ಹಾಗೇ ಹಿಂದಿರುಗಿದೆವು. ಆಟೋ ಹೈವೇ ಪಕ್ಕದ ರಸ್ತೆಯಲ್ಲಿ ಪಾರ್ಲೆಯ ಕಡೆ ಬರುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತೆವು. ಹೈವೇ ಹೆಚ್ಚುಕಡಿಮೆ ಖಾಲಿ.

ಆಗ ಹಿಂದಿನಿಂದ ಒಂದು ದನಿ ಎದ್ದಿತು. ಕೆಳಗಿನಿಂದ ಶುರುವಾಗಿ, ಏರಿ, ಇನ್ನೇನು ಮುಗಿಯಿತು ಎನ್ನುವಾಗ ಇನ್ನೂ ಒಂದು ಮೆಟ್ಟಿಲು ಏರಿ, ಅಲ್ಲೇ ನಿಂತು ಹಾಡಿತು. ನನ್ನ ತೋಳಿನ ರೋಮ ಎದ್ದಿತು. ಯಾರ ಪುಣ್ಯವೋ, ಎಂಥ ಚೆಂದದ ದನಿ ಎಂದುಕೊಂಡೆ. ಆಟೋದವನೂ ತಿರುಗಿ ನೋಡಿ, "ಕ್ಯಾ ಗಾಡಿ ಹೈ," ಎಂದ. ಕೆಂಪು ಕಾರು ನಮ್ಮನ್ನು ದಾಟಿತು. ಹಿಂದಿನ ಗಾಜಿನ ಮೂಲೆಯಲ್ಲಿ ನಾನೇ ಅಂಟಿಸಿದ ಸಣ್ಣ ಶಂಖ ಚಕ್ರ. ಸ್ಟಿಯರಿಂಗಿನಲ್ಲಿ ನನ್ನ ಗಂಡ, ಬಾಯಿತುಂಬ ನಗು. ಪಕ್ಕದಲ್ಲಿ ಯೋಗದ ಕ್ಲಾಸಿಗೆ ಹೋಗಿದ್ದ ನನ್ನ ಮಗಳು, ಕಿಟಕಿಯಿಂದ ಕೂದಲು ಹಾರಿಸಿಕೊಂಡು.

ನನ್ನ ಕಾರಿನ ನಿಜವಾದ ದನಿಯನ್ನು ನಾನು ಆಟೋದಲ್ಲಿ ಕೂತು ಕೇಳಿದೆ. ಮನೆ ಸೇರುವವರೆಗೂ ನನಗೆ ಬೇರೇನೂ ತೋಚಲಿಲ್ಲ. ಆಟೋದವನಿಗೆ ಕೊಡಬೇಕಾದ್ದನ್ನು ಕೊಟ್ಟೆನೋ ಹೆಚ್ಚು ಕೊಟ್ಟೆನೋ, ಅದೂ ತಿಳಿಯಲಿಲ್ಲ.

ಮೇಲೆ ಹೋದವಳೇ ಗುರಲಿಂಗಪ್ಪನಿಗೆ ಫೋನ್ ಮಾಡಿದೆ. ಮನಸ್ಸು ಎಷ್ಟು ಕೆಟ್ಟದ್ದು ನೋಡಿ, ಅಷ್ಟು ಕಣ್ಣಾರೆ ಕಂಡ ಮೇಲೂ, ಗ್ಯಾರೇಜಿಗೆ ಹೋಗುವ ದಾರಿಯಲ್ಲಿ ಇವತ್ತೊಂದೇ ದಿನ ಹೀಗೆ ಮಾಡಿರಬಹುದು ಎಂದು ಅವರ ಪರವಾಗಿ ವಾದಿಸುತ್ತಿತ್ತು.

"ಇವತ್ತ ಎಲ್ಲೀ ಗ್ಯಾರೇಜ್ರೀ ಅಕ್ಕಾರ," ಎಂದ ಅವನು. "ರವಿವಾರ ನಮ್ದು ಸೂಟಿ. ಮೊದಲಿಂದಾನೂ ಹಂಗ ಐತಲ್ರಿ. ಸಾಹೇಬ್ರು ಬರಲಾರ್ದ ಭಾಳ ದಿನಾ ಆತು. ಅರಾಮ ಅದಾರಿಲ್ರಿ?"

"ಅರಾಮಾಗಿದ್ದಾರೆ. ಇಂಜಿನ್ ಮುಳ್ಳು ಮೂರು ಸಾವಿರ ದಾಟಬಾರದು ಅಂತ ನೀವು ಹೇಳಿದ್ರಂತೆ?"

"ನಾ ಹೇಳಿಲ್ರಿ. ಇಂಜಿನ್ ಗಟ್ಟಿ ಐತ್ರಿ ಅದು. ಬೇಕಾದಷ್ಟ ಜೋರ ಜಗ್ಗಿ ಓಡಸ್ರಿ ಅಂತ ಸಾಹೇಬ್ರಿಗೆ ಅವತ್ತ ಹೇಳೀನಿ."

ಅಪ್ಪ ಮಗಳು ಬಂದಾಗ ನಾನು ದೋಸೆ ಹುಯ್ಯುತ್ತಿದ್ದೆ. ಮೊದಲ ದೋಸೆ ಹರಿಯಿತು. ನನ್ನನ್ನು ಕಂಡು ಶ್ರೀರಾಮ್ ಹೊಸ್ತಿಲಲ್ಲೇ ಒಂದು ಗಳಿಗೆ ನಿಂತರು.

"ಬೇಗ ಬಂದ್ಬಿಟ್ಯಾ?"

"ಶಿವಕುಮಾರಿಗೆ ಜ್ವರ. ಗುರಲಿಂಗಪ್ಪ ಹೇಗಿದ್ದಾನೆ?"

"ಚೆನ್ನಾಗಿದಾನೆ. ಗಾಳಿ ಹಾಕ್ದ. ಆಯಿಲ್ ಸರಿ ಇದೆ ಅಂದ," ಎಂದರು, ಕೈ ತೊಳೆಯುತ್ತಾ. ಎಷ್ಟು ಸಲೀಸಾಗಿ ಹೇಳಿದರು ಎಂದರೆ, ಇಷ್ಟು ಭಾನುವಾರಗಳೂ ಹೀಗೇ ಹೇಳುತ್ತಿದ್ದರಲ್ಲ ಎಂದು ನನಗೆ ಆಗ ಹೊಳೆಯಿತು. ಒಲೆ ಆರಿಸಿದೆ. ದೋಸೆ ಅರ್ಧ ಬೆಂದಿತ್ತು, ಮಿಕ್ಕದ್ದು ಹಬೆಯಲ್ಲೇ ಬೇಯಲಿ.

"ಯೋಗ ಆಯ್ತೇನೇ?" ಎಂದು ಇಂಚರಾಳನ್ನು ಕೇಳಿದೆ.

ಅವಳು ಅಪ್ಪನ ಮುಖ ನೋಡಿದಳು. "ಅಮ್ಮಾ, ಸಾರಿ. ಆಕ್ಚುಲಿ... ಅಪ್ಪ ಹೇಳಿದ್ರು, ನಿನಗೆ ಆ ಸೌಂಡ್ ಪಸಂದ್ ನಹೀ, ತಲೆನೋವು ಬರುತ್ತೆ ಅಂತ. ನಿನಗೆ ಮೈಲೇಜ್ ಇಷ್ಟ, ಅದ್ರಲ್ಲೇ ಖುಷಿ ಅಂತ. ಹೇಳಿದ್ರೆ ಟೆನ್ಶನ್ ತಗೋತೀಯಾ ಅಂತ, ಇಸ್ಲಿಯೇ ಯೋಗ ಅಂದೆ."

ಮಗಳ ಮೇಲೆ ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳು. ಬಂತು. ಆದರೆ ಅಂಗಡಿಯಲ್ಲಿ ನನ್ನ ಮುಖ ನೋಡಿದವಳು ಅವಳಲ್ಲ. ನೋಡಿದವರು ಟವಲಿನಲ್ಲಿ ಬೆರಳು ಬೆರಳನ್ನೂ ಬಿಡಿಸಿ ಒರೆಸಿಕೊಳ್ಳುತ್ತಿದ್ದರು.

"ನನಗೆ ಆ ಸದ್ದಿಗೆ ತಲೆನೋವು ಬರುತ್ತಾ ರೀ?" ಎಂದೆ.

"ನೋಡು, ಹಂಗಲ್ಲ," ಎಂದರು. "ನಿನಗೆ ಹೇಳಿದ್ರೆ ನೀನೂ ಶುರು ಮಾಡ್ತಿದ್ದೆ. ಇಬ್ರೂ ಹಂಗೇ ಓಡ್ಸಿದ್ರೆ ಆ ಕಾರನ್ನ ಸಾಕೋಕಾಗತ್ತಾ? ನೀನು ವಾರವೆಲ್ಲ ಚೆನ್ನಾಗಿ ಉಳಿಸ್ತಿದ್ಯಲ್ಲ, ಅದ್ರಲ್ಲೇ ನಾವೊಂದು ಸ್ವಲ್ಪ. ಒಟ್ಟು ಸರಾಸರಿ ಏನೂ ಕೆಟ್ಟಿಲ್ಲ. ಯಾರಾದ್ರೂ ಒಬ್ರು ಉಳಿಸ್ಬೇಕಲ್ವೇನೇ."

"ಆ ಒಬ್ರು ನಾನೇ ಯಾಕೆ?"

ಅವರು ನಿಜವಾಗಿಯೂ ಯೋಚಿಸಿದರು. "ನಿನಗೆ ಅಭ್ಯಾಸ ಇದೆ," ಎಂದರು.

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅದೇ ನನ್ನನ್ನು ಸುಟ್ಟಿದ್ದು. ನಾನು ಬೆವರಿದ್ದು, ಅನ್ನ ಬಿಟ್ಟಿದ್ದು, ಬರಿಗಾಲಲ್ಲಿ ಒತ್ತಿದ್ದು, ಅಂಕಿ ಏರದಾಗ ನನ್ನ ಕಾಲನ್ನೇ ಶಪಿಸಿಕೊಂಡಿದ್ದು, ಎಲ್ಲವನ್ನೂ ಇವರು ಪಂಪಿನ ಪಕ್ಕದಲ್ಲಿ ನಿಂತು ಲೆಕ್ಕ ಹಾಕುತ್ತಾ ನೋಡಿದ್ದಾರೆ. ಭಾನುವಾರದ ಪೆಟ್ರೋಲೂ ಅದೇ ಟ್ಯಾಂಕಿನದು. ಹದಿನೈದು ಬರಲು ಸಾಧ್ಯವೇ ಇರಲಿಲ್ಲ. ಬಾರದ ಅಂಕಿಯ ಮುಂದೆ ನನ್ನನ್ನು ನಿಲ್ಲಿಸಿ, ಬರತ್ತೆ ಬರತ್ತೆ ಎಂದು ಬೆನ್ನು ತಟ್ಟಿದ್ದಾರೆ. ಇಷ್ಟು ವರ್ಷ ಜೊತೆಯಲ್ಲಿ ಊಟ ಮಾಡಿದ ಮನುಷ್ಯ ನನಗೆ ಮೋಸ ಮಾಡಿದ್ದು ಬೇರೆ ಹೆಂಗಸಿಗಾಗಿ ಅಲ್ಲ, ದುಡ್ಡಿಗಾಗಿಯೂ ಅಲ್ಲ. ನನ್ನ ಪಾಲಿನ ಸಂತೋಷವನ್ನು ನನ್ನ ಕೈಯಿಂದಲೇ ಉಳಿತಾಯ ಮಾಡಿಸಿ, ತಾವು ಖರ್ಚು ಮಾಡಿದ್ದಾರೆ.

ಮಾರನೆಯ ದಿನ ಬೆಳಕು ಹರಿದ ಕೂಡಲೇ ಬೀಗದ ಕೈ ತೆಗೆದುಕೊಂಡು ಇಳಿದೆ. ಯಾರನ್ನೂ ಕರೆಯಲಿಲ್ಲ. ಚಪ್ಪಲಿ ಸೀಟಿನಡಿ ತಳ್ಳಿದೆ, ಅದು ಅಭ್ಯಾಸ. ಸುಳ್ಳು ಹೇಳುತ್ತದೆ ಎಂದಿದ್ದ ಆ ಪರದೆಯ ಗುಂಡಿಯನ್ನು ಒತ್ತಿ ಹೊಸದಾಗಿ ಎಣಿಸಲು ಬಿಟ್ಟೆ. ಈ ಮನೆಯಲ್ಲಿ ಯಾರು ಸುಳ್ಳು ಹೇಳುತ್ತಾರೆ ಎಂದು ನೋಡಿಯೇಬಿಡೋಣ ಎಂಬ ರೋಷ. ವಾಕೋಲಾ, ಕುರ್ಲಾ, ಚೆಂಬೂರು, ಎಲ್ಲ ಸಿಗ್ನಲ್ಲೂ ನನಗಾಗಿ ಹಸಿರು ಮಾಡಿಟ್ಟಂತಿದ್ದವು. ಫ್ರೀವೇ ಹತ್ತಿದಾಗ ಮುಂದೆ ಹಿಂದೆ ಬೆರಳೆಣಿಕೆಯಷ್ಟು ಕಾರುಗಳು. ಎದೆ ಹೊಡೆದುಕೊಳ್ಳುತ್ತಿತ್ತು, ಲಗ್ನದ ದಿನವೂ ಹಾಗೆ ಹೊಡೆದುಕೊಂಡಿರಲಿಲ್ಲ.

ಸುರಂಗದ ಬಾಯಿ ಕಂಡಿತು. ಎರಡೂ ಕಿಟಕಿ ಇಳಿಸಿದೆ. ಒಳಗೆ ಹೊಕ್ಕ ಕೂಡಲೇ ಕ್ಲಚ್ ಒತ್ತಿ, ನಾಲ್ಕರಿಂದ ಎರಡಕ್ಕೆ ಗೇರು ಇಳಿಸಿದೆ. ಬಾ ಎಂದು ಮನಸ್ಸಿನಲ್ಲೇ ಕರೆದು ಪೆಡಲ್ ಒತ್ತಿದೆ. ಇಂಜಿನ್ ಕತ್ತೆತ್ತಿತು. ಮುಳ್ಳು ಏರಿತು, ದನಿಯ ಮೊದಲ ಎಳೆ ಗೋಡೆಗೆ ತಾಗಿ ತಿರುಗಿ ಬಂತು. ಅಷ್ಟರಲ್ಲಿ ನನ್ನ ಎಡಗಾಲು ಕ್ಲಚ್ಚಿನ ಮೇಲಿತ್ತು. ಎಡಗೈ ಮೂರಕ್ಕೆ ಹಾಕಿಯಾಗಿತ್ತು, ಆಮೇಲೆ ನಾಲ್ಕಕ್ಕೆ. ನಾನು ಹೇಳಿರಲಿಲ್ಲ. ಮುಳ್ಳು ಮೂರು ಸಾವಿರವನ್ನು ಮುಟ್ಟಿಯೂ ಇರಲಿಲ್ಲ. ಕಾರು ಸದ್ದಿಲ್ಲದೆ ಸುರಂಗದಿಂದ ಹೊರಗೆ ಬಂತು.

ಫ್ರೀವೇ ಮುಗಿಯುವವರೆಗೆ ಹೋಗಿ, ತಿರುಗಿಸಿಕೊಂಡು, ಪಕ್ಕದ ಸುರಂಗದಲ್ಲಿ ಮತ್ತೆ ನೋಡಿದೆ. ಈ ಸಲ ಎರಡೂ ಕೈಗಳಿಂದ ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ, ಗೇರಿಗೆ ಹೋಗದ ಹಾಗೆ. ಎರಡನೇ ಗೇರು. ಒತ್ತಿದೆ. ಮುಳ್ಳು ಮೂರರ ಹತ್ತಿರ ಬಂದದ್ದೇ ತಡ, ಬಲಗಾಲಿನ ಹೆಬ್ಬೆರಳು ತಾನಾಗಿ ಮೇಲೆದ್ದಿತು. ಒತ್ತೇ, ಒತ್ತೇ ನಿನ್ನ ಮನೆ ಹಾಳಾಗ ಎಂದು ನನ್ನ ಕಾಲನ್ನು ನಾನೇ ಗಟ್ಟಿಯಾಗಿ ಬೈದೆ. ಅದು ನನ್ನ ಮಾತು ಕೇಳಲಿಲ್ಲ, ಅವರ ಮಾತು ಕೇಳಿತು. ಹಿಂದಿನಿಂದ ಬಂದ ಯಾರದೋ ಕಾರು ಸುರಂಗ ತುಂಬ ಸದ್ದು ಮಾಡಿಕೊಂಡು ನನ್ನನ್ನು ದಾಟಿ ಹೋಯಿತು. ನಾನು ಬೆಳಕಿಗೆ ಬರುವವರೆಗೂ ಅತ್ತೆ. ಅಳುತ್ತಲೂ ಸಿಗ್ನಲ್ಲಿಗೆ ದೂರದಿಂದಲೇ ಕಾಲು ತೆಗೆದು, ಗೇರಿನಲ್ಲೇ ಜಾರಿಕೊಂಡು ಬಂದೆ.

ಬಿಲ್ಡಿಂಗಿನ ಗೇಟಿನಲ್ಲಿ ಶ್ರೀರಾಮ್ ನಿಂತಿದ್ದರು, ಅಂಗಿಯ ಗುಂಡಿ ತಪ್ಪುತಪ್ಪಾಗಿ ಹಾಕಿಕೊಂಡು. ಹೆದರಿದ್ದರು ಎಂದು ಕಂಡಿತು. ಕಾರು ನಿಲ್ಲಿಸಿದ ಕೂಡಲೇ ಕಿಟಕಿಗೆ ಬಗ್ಗಿದರು.

"ಎಲ್ಲಿಗೆ ಹೋಗಿದ್ದೆ, ಹೇಳ್ದೆ ಕೇಳ್ದೆ?"

"ಟನಲ್ಲಿಗೆ."

"ಒಬ್ಳೇನಾ? ಎಳೆದ್ಯಾ? ಹೇಗಿತ್ತು ಸೌಂಡು?"

"ಗೊತ್ತಿಲ್ಲ ರೀ. ನನ್ನ ಕಾಲು ಒತ್ತಲಿಲ್ಲ."

ಅವರು ಕೇಳಿಸಿಕೊಳ್ಳುತ್ತಿರಲಿಲ್ಲ. ಅವರ ಕಣ್ಣು ನನ್ನ ಮುಖದಿಂದ ಜಾರಿ ಪರದೆಯ ಮೇಲೆ ಕೂತಿತ್ತು. ಅಲ್ಲಿ ಹದಿನೈದು ಪಾಯಿಂಟ್ ಆರು ಎಂದಿತ್ತು. ಅವರ ಮುಖ ಅರಳಿತು. ನಾಟಕವಲ್ಲ, ಮಗು ಮೊದಲ ಹೆಜ್ಜೆ ಇಟ್ಟಾಗ ಅರಳಿದ ಹಾಗೆ ಅರಳಿತು.

"ನೋಡ್ದ್ಯಾ, ಬಂತಲ್ಲೇ. ಕಾಲು ಪಳಗತ್ತೆ ಅಂತ ನಾನು ಅವತ್ತೇ ಹೇಳಿರ್ಲಿಲ್ವಾ," ಎಂದರು.

ನಾನು ಕೈ ಚಾಚಿ ಗುಂಡಿ ಒತ್ತಿದೆ. ಹದಿನೈದು ಪಾಯಿಂಟ್ ಆರು ಹೋಗಿ, ಅಲ್ಲಿ ಬರೀ ಗೆರೆಗಳು ಉಳಿದವು.

"ಅಯ್ಯೋ, ಯಾಕೆ ಅಳಿಸ್ದೆ," ಎಂದರು ಶ್ರೀರಾಮ್, ಜೇಬಿನಿಂದ ಆಗಲೇ ಮೊಬೈಲ್ ತೆಗೆದಿದ್ದರು. "ಫೋಟೋ ತೆಗೆದು ನಮ್ಮ ಫ್ಯಾಕ್ಟರಿ ಗ್ರೂಪಿಗೆ ಹಾಕ್ಬೇಕಿತ್ತು."